ದೂಜ ಎದ್ದು ನಿಂತ ಎರಡು ಸಲ

ಕೊರಗಪ್ಪ ಶೆಟ್ಟರ ಹೋಟೆಲಿನಲ್ಲಿ ಕುರ್ಚಿಗಳಿದ್ದದ್ದು ಗಿರಾಕಿಗಳಿಗೆ ಮಾತ್ರ. ಕೆಲಸದವರು ಕೂರಬೇಕೆಂದರೆ ಅಡಿಗೆಮನೆಯ ಹಿಂದೆ ಒಂದು ಕಟ್ಟೆ ಇತ್ತು. ಅಲ್ಲಿಯೂ ಧಣಿಗಳ ಚಪ್ಪಲಿಯ ಸದ್ದು ಕೇಳುವ ತನಕ ಮಾತ್ರ ಕೂರಬಹುದು. ಸದ್ದು ಕೇಳಿತೋ, ಊಟದ ನಡುವೆ ಇದ್ದರೂ ಎದ್ದು ನಿಲ್ಲಬೇಕು. ಹಾಗೆಂದು ಯಾರೂ ಗೋಡೆಗೆ ಬೋರ್ಡು ಬರೆಸಿ ಹಾಕಿರಲಿಲ್ಲ. ಊರಿನಲ್ಲಿ ಶೆಟ್ಟರ ಮನೆಯಂಗಳದಲ್ಲಿದ್ದ ಪದ್ಧತಿಯೇ ಬೋಟು ಹತ್ತಿ ಬಂದು ಮುಂಬಯಿಯ ಫೋರ್ಟಿನ ಆ ಗಲ್ಲಿಯಲ್ಲಿ ಇಳಿದಿತ್ತು. ಅಲ್ಲಿ ಕೆಲಸಕ್ಕಿದ್ದ ದೂಜ ಎಷ್ಟೋ ಸಲ ಅನ್ನ ಕಲಸಿದ ಕೈಯನ್ನು ಹಾಗೆಯೇ ಹಿಡಿದುಕೊಂಡು ನಿಂತದ್ದುಂಟು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಕಟ್ಟಿದವನು ಇಂಥದ್ದೇ ಒಂದು ಹೋಟೆಲಿನಲ್ಲಿ ದುಡಿದವನಿರಬೇಕು.

ಈ ನಿಲ್ಲುವುದರಲ್ಲಿ ಇನ್ನೊಂದು ಸಂಗತಿಯಿದೆ. ಧಣಿಗಳ ಎದುರು ನಿಂತವನ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಡುವುದಿಲ್ಲ. ಬೆನ್ನು ನೆಟ್ಟಗಾಯಿತು ಎಂದರೆ ನಾಲಿಗೆ ತಾನಾಗಿಯೇ ‘ಆಯ್ತು ಧಣಿ’ ಎಂದುಬಿಡುತ್ತದೆ. ದೀಪಾವಳಿಗೆ ಊರಿಗೆ ಹೋಗುವುದು ಬೇಡ ಎಂದಾಗ ದೂಜ ಆಯ್ತು ಧಣಿ ಎಂದಿದ್ದ. ಮಗಳು ಹುಟ್ಟಿದ ಸುದ್ದಿ ಬಂದ ವಾರವೇ ರಜೆ ಸಿಗಲಿಕ್ಕಿಲ್ಲ ಎಂದಾಗಲೂ ಆಯ್ತು ಧಣಿ ಎಂದಿದ್ದ. ಇದನ್ನು ನಿಷ್ಠೆ ಎನ್ನುವವರು ಎನ್ನಲಿ. ನಿಜ ಹೇಳಬೇಕೆಂದರೆ ಅದು ಅರ್ಧ ಅಭ್ಯಾಸ, ಅರ್ಧ ಅಂಜಿಕೆ.

ಅವನು ಮುಂಬಯಿಗೆ ಬಂದದ್ದು ಮೀಸೆ ಚಿಗುರುವ ಮೊದಲು. ಉಡುಪಿಯಿಂದಾಚೆ ಒಂದು ಹಳ್ಳಿಯಲ್ಲಿ ಅವನ ಅಪ್ಪ ಶೆಟ್ಟರ ಮನೆಯ ಒಕ್ಕಲು. ಶೆಟ್ಟರು ಮುಂಬಯಿಯಲ್ಲಿ ಹೋಟೆಲು ಹಾಕಿದಾಗ ಒಕ್ಕಲಿನ ಮನೆಯ ಹುಡುಗನೂ ಜೊತೆಗೆ ಹೊರಟ, ಗದ್ದೆ ಕೊಂಡವನಿಗೆ ಬದುವೂ ಸೇರಿ ಬಂದ ಹಾಗೆ. ಬಂದವನನ್ನು ರುಬ್ಬುವ ಕಲ್ಲಿನ ಮುಂದೆ ಕೂರಿಸಿದರು. ಆ ಕೋಣೆಗೆ ಕಿಟಕಿ ಇರಲಿಲ್ಲ. ಅಕ್ಕಿ, ಉದ್ದು, ತೆಂಗಿನಕಾಯಿ, ಮತ್ತೆ ಅಕ್ಕಿ. ಹೊರಗೆ ಮಳೆಯೋ ಬಿಸಿಲೋ ಎಂಬುದು ಸಪ್ಲೈಯರುಗಳ ಅಂಗಿ ನೋಡಿ ಗೊತ್ತಾಗಬೇಕು. ಮುಂಬಯಿಯಲ್ಲಿದ್ದೂ ಮುಂಬಯಿ ಕಾಣದೆ ಅವನಿಗೆ ಮೀಸೆ ಬಂತು, ಮದುವೆಯೂ ಆಯಿತು. ಹೆಂಡತಿ ಸೇವಂತಿ ಊರಿನಲ್ಲಿ, ಅವನು ಕಲ್ಲಿನ ಹತ್ತಿರ.

ಒಂದು ದಿನ ಸಪ್ಲೈಯರೊಬ್ಬ ಜ್ವರ ಬಂದು ಮಲಗಿದ. ದೂಜನ ಕೈಗೆ ತಟ್ಟೆ ಕೊಟ್ಟು ಹೊರಗೆ ಕಳಿಸಿದರು. ಆಗಿನ ಹೋಟೆಲಿನಲ್ಲಿ ಸಪ್ಲೈಯರನಿಗೆ ಕೈಗಿಂತ ಗಂಟಲು ಮುಖ್ಯ. ಗಿರಾಕಿ ಹೇಳಿದ್ದನ್ನು ಅಡಿಗೆಮನೆಗೆ ಕೂಗಬೇಕು, ಅವನು ಎದ್ದು ಹೊರಟಾಗ ಬಿಲ್ಲನ್ನು ಗಲ್ಲಾದ ತನಕ ಕೂಗಬೇಕು. ದೂಜ ಬಾಗಿಲ ಬಳಿ ನಿಂತು ‘ದೋ ಮಸಾಲಾ, ಏಕ್ ಸಾದಾ, ಏಕ್ ಕಡಕ್ ಚಾ’ ಎಂದ. ತಿನ್ನುತ್ತಿದ್ದವರು ತಲೆಯೆತ್ತಿದರು. ಗಲ್ಲಾದಲ್ಲಿದ್ದ ಶೆಟ್ಟರೂ ಎತ್ತಿದರು. ಅಂಥ ಸ್ವರ ಇಷ್ಟು ವರ್ಷ ಉದ್ದಿನ ಹಿಟ್ಟಿನೊಳಗೆ ಹೂತು ಹೋಗಿತ್ತಲ್ಲ ಎಂದು ಅವರಿಗೆ ನಷ್ಟದ ಲೆಕ್ಕ ಹೊಳೆದಿರಬೇಕು. ಅಂದಿನಿಂದ ದೂಜನಿಗೆ ಬಾಗಿಲ ಪಕ್ಕದ ಟೇಬಲುಗಳು ಬಂದವು. ಕೋರ್ಟಿನ ಗುಮಾಸ್ತರು, ಬ್ಯಾಂಕಿನವರು ಬೇರೆ ಟೇಬಲು ಖಾಲಿ ಇದ್ದರೂ ಅವನ ಟೇಬಲಿಗೇ ಕಾದು ನಿಲ್ಲುತ್ತಿದ್ದರು. ಕೂಗುವಾಗ ಅವನು ಯಾರ ಒಕ್ಕಲೂ ಆಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಆ ಸುಖವನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ದವಡೆಯಲ್ಲಿ ಗಂಟು ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಅದನ್ನು ಮೊದಲು ಕಂಡುಹಿಡಿದವರು ಶೆಟ್ಟರೇ, ಅದೂ ಬೈಯುವ ನೆಪದಲ್ಲಿ.

‘ಕೆಲಸದ ಹೊತ್ತಿಗೆ ಎಲೆಅಡಿಕೆ ಹಾಕ್ಬಾರ್ದು ಅಂತ ಎಷ್ಟು ಸಲ ಹೇಳುದು ನಿಂಗೆ? ಹೋಗು, ಉಗಿದು ಬಾ’ ಎಂದರು.

ಅವರಿಬ್ಬರ ಮಾತು ಯಾವಾಗಲೂ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದದ್ದು ಓದುವವರ ಅನುಕೂಲಕ್ಕೆ. ದೂಜ ನಿಂತಲ್ಲೇ ಬಾಯಿ ತೆರೆದು ತೋರಿಸಿದ. ಬಾಯಲ್ಲಿ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಬಲಗಡೆಯ ಕೆಳದವಡೆ ಮಾತ್ರ ಒಳಗಿನಿಂದ ಉಬ್ಬಿತ್ತು. ನೋವಿರಲಿಲ್ಲ, ಹಾಗಾಗಿ ಇನ್ನೂ ಕೆಲವು ತಿಂಗಳು ಉಪ್ಪುನೀರು ಮುಕ್ಕಳಿಸುವುದರಲ್ಲಿ, ಲವಂಗದೆಣ್ಣೆ ಹಚ್ಚುವುದರಲ್ಲಿ ಹೋಯಿತು. ಕೆನ್ನೆ ಒಂದು ಕಡೆಗೆ ವಾಲಿ, ಕೂಗು ಗೊಗ್ಗರಾದಾಗ ಜೊತೆಯ ಸಪ್ಲೈಯರ್ ಪೂವಪ್ಪ ಅವನನ್ನು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದ. ಪೂವಪ್ಪ ವಯಸ್ಸಿನಲ್ಲಿ ಕಿರಿಯ, ಬಾಯಿಯಲ್ಲಿ ಹಿರಿಯ. ಸರ್ಜನರು ನೋಡಿ, ಇದು ಕೊಲ್ಲುವ ಗಂಟಲ್ಲ, ಆದರೆ ಬಿಟ್ಟರೆ ಬೆಳೆಯುತ್ತಲೇ ಹೋಗುತ್ತದೆ, ಅರ್ಧ ದವಡೆ ತೆಗೆಯಬೇಕು ಎಂದರು.

ದೂಜ ಕೇಳಿದ್ದು ಒಂದೇ ಮಾತು. ‘ಕೂಗ್ಲಿಕ್ಕೆ ಆಗ್ತದಾ?’

ಸರ್ಜನರಿಗೆ ಆ ಮಾತು ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಡಾಕ್ಟರರಿಗೆ ಅರ್ಧ ಅರ್ಥವಾಯಿತು. ಅವರು ನೀಲಕಂಠಪ್ಪ, ಧಾರವಾಡದವರು, ರೋಗಿಗೆ ಅರಿವಳಿಕೆ ಕೊಡುವವರು. ಅದು ಐವತ್ತೈದನೇ ಇಸವಿ. ಅವರ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ದೂಜನ ಊರು ಮದರಾಸು ರಾಜ್ಯದಲ್ಲಿ. ಇಬ್ಬರದೂ ಕನ್ನಡ ನಾಡೇ ಎಂದು ಸರ್ಕಾರ ಇನ್ನೂ ತೀರ್ಮಾನ ಕೊಟ್ಟಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಕನ್ನಡದಲ್ಲಿ ಮಾತಾಡಿಕೊಂಡಾಗ ಸರ್ಕಾರ ತಡಮಾಡಿದ್ದರಲ್ಲಿ ತಪ್ಪಿಲ್ಲ ಎನ್ನಿಸುತ್ತಿತ್ತು.

‘ಕೂಗೂದು ಆಮ್ಯಾಲ ನೋಡೋಣು. ಮೊದಲ ರಕ್ತದ ಮಾತು ಕೇಳು’ ಎಂದರು ಡಾಕ್ಟರರು. ‘ದವಡಿ ಕೊಯ್ದರ ರಕ್ತ ಭಾಳ ಹೋಗ್ತದ. ಇಲ್ಲಿ ರಕ್ತದ ಬಾಟ್ಲಿ ಸಿಗೂದು ಕಠಿಣ. ಅದಕ್ಕ ನಾವು ಮೈಯಾಗಿನ ಒತ್ತಡನ ಇಳಿಸಿಬಿಡ್ತೇವಿ. ಒತ್ತಡ ಇಳೀತಂದ್ರ ಸುರಿಯೂದು ಕಡಿಮಿ ಆಗ್ತದ.’

ಅದಕ್ಕೆ ಎರಡು ಔಷಧಗಳಿದ್ದವು. ಹೆಕ್ಸಾಮಿಥೋನಿಯಂ ಎಂಬುದು ಸ್ವಲ್ಪ ಹಳೆಯದು. ಸೂಜಿಯಲ್ಲಿ ಒಮ್ಮೆ ಕೊಟ್ಟರೆ ಒತ್ತಡ ಇಳಿಸುತ್ತದೆ, ಆದರೆ ಬಂದ ನೆಂಟನ ಹಾಗೆ ಬೇಗ ಹೊರಡುವುದಿಲ್ಲ. ಟ್ರೈಮೆಟಾಫಾನ್ ಎಂಬುದು ಹೊಸತು. ಬಾಟ್ಲಿಯಿಂದ ಹನಿಹನಿಯಾಗಿ ಇಳಿಸಬೇಕು, ಹನಿ ನಿಲ್ಲಿಸಿದರೆ ಒತ್ತಡ ತಾನಾಗಿ ಮೇಲೇರುತ್ತದೆ, ಆದರೆ ಕೊಡುವವನು ಪೂರ್ತಿ ಹೊತ್ತು ಕಣ್ಣು ಕೀಳದೆ ಕೂತಿರಬೇಕು. ಯಾವುದು ಮೇಲು ಎಂದು ನೋಡಲು ಡಾಕ್ಟರರು ದವಡೆಯ ರೋಗಿಗಳಿಗೆ ಒಬ್ಬರಿಗೆ ಅದು, ಮುಂದಿನವರಿಗೆ ಇದು ಎಂದು ಸರದಿಯ ಮೇಲೆ ಕೊಡುತ್ತಿದ್ದರು. ದೂಜನ ಪಾಲಿಗೆ ಹಳೆಯದು ಬಂದಿತ್ತು.

‘ಒಪ್ಪಿಗಿ ಅದನೋ ಇಲ್ಲೋ?’ ಎಂದು ಡಾಕ್ಟರರು ಕೇಳಿದರು.

ದೂಜ ಎದ್ದು ನಿಂತು ‘ಆಯ್ತು ಡಾಕ್ಟ್ರೇ’ ಎಂದ.

ಆಪರೇಷನ್ನು ಚೆನ್ನಾಗಿಯೇ ಆಯಿತು. ಸರ್ಜನರು ಇಷ್ಟು ಒಣಗಿದ ದವಡೆ ನಾನು ಕೊಯ್ದೇ ಇಲ್ಲ ಎಂದರಂತೆ. ತೆಗೆದಿಟ್ಟಿದ್ದ ರಕ್ತದ ಬಾಟ್ಲಿಯನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಅದು ಪಕ್ಕದ ಥಿಯೇಟರಿನ ಇನ್ನಾರಿಗೋ ಹೋಯಿತು. ಮಧ್ಯಾಹ್ನ ದೂಜ ವಾರ್ಡಿನಲ್ಲಿ ಕಣ್ಣು ಬಿಟ್ಟಾಗ ನೀಲಕಂಠಪ್ಪನವರು ಮಂಚದ ಪಕ್ಕ ಬಗ್ಗಿ ನಿಂತಿದ್ದರು. ಮುಖಕ್ಕೆಲ್ಲ ಪಟ್ಟಿ ಸುತ್ತಿದ್ದರಿಂದ ಅವನಿಗೆ ಕಾಣುತ್ತಿದ್ದದ್ದು ಅವರ ಕನ್ನಡಕ ಮಾತ್ರ.

‘ಕೇಳು. ನಾಳಿ ಮುಂಜಾನಿತನಕ ನೀ ಕೂಡಬ್ಯಾಡ. ಯಾರು ಹೇಳಿದ್ರೂ ಕೂಡಬ್ಯಾಡ. ತಿಳೀತಿಲ್ಲೋ?’

ದೂಜ ಕಣ್ಣು ತಿರುಗಿಸಿ ಪೂವಪ್ಪನನ್ನು ನೋಡಿದ. ಪೂವಪ್ಪ ಅನುವಾದ ಮಾಡಿದ. ‘ಕೂತ್ಕೊಳ್ಬಾರ್ದಂತೆ ದೂಜಣ್ಣ. ಯಾರು ಹೇಳಿದ್ರೂ ಕೂತ್ಕೊಳ್ಬಾರ್ದಂತೆ.’

ದೂಜ ರೆಪ್ಪೆ ಮುಚ್ಚಿ ತೆರೆದು ಒಪ್ಪಿದ. ಇದಕ್ಕಿಂತ ಸುಲಭದ ಪಥ್ಯ ಇನ್ನೇನಿದೆ? ಕೂರದೆ ಇರುವುದು ಅವನಿಗೆ ಅನ್ನ ಕೊಟ್ಟ ವಿದ್ಯೆ.

ಸಂಜೆ ನೋಡುವವರನ್ನು ಒಳಗೆ ಬಿಡುವ ಹೊತ್ತಾಯಿತು. ವರಾಂಡದ ಆ ತುದಿಯಿಂದ ಒಂದು ಚಪ್ಪಲಿಯ ಕಿರ್ರೆನ್ನುವ ಸದ್ದು ಬಂತು. ಅದು ಯಾರದೆಂದು ಪೂವಪ್ಪನಿಗೂ ಗೊತ್ತಾಯಿತು, ಅವನು ಸ್ಟೂಲು ಬಿಟ್ಟು ಎದ್ದ. ದೂಜನ ಮೈ ಅವನನ್ನು ಕೇಳಲಿಲ್ಲ. ಕಾಲು ಕೆಳಗಿಳಿದವು, ಕೈ ಮಂಚದ ಕಂಬಿ ಹಿಡಿದವು, ಬೆನ್ನು ನೆಟ್ಟಗಾಯಿತು. ಶೆಟ್ಟರು ಕೈಯಲ್ಲಿ ಮೋಸಂಬಿಯ ಚೀಲ ಹಿಡಿದು ಬಾಗಿಲಿಗೆ ಬರುವಾಗ ದೂಜ ಅವರೆದುರು ನಿಂತಿದ್ದ, ಹೋಟೆಲಿನಲ್ಲಿ ನಿಂತ ಹಾಗೆಯೇ.

ಶೆಟ್ಟರು ಕೆಟ್ಟವರಲ್ಲ. ಪಟ್ಟಿ ಸುತ್ತಿದ ಆ ಮುಖ ನೋಡಿ ಅವರ ಕರುಳು ಚುರ್ರೆಂದಿತು. ಅಷ್ಟು ವರ್ಷಗಳಲ್ಲಿ ಯಾವತ್ತೂ ಆಡದ ಮಾತನ್ನು ಆವತ್ತು ಆಡಿದರು. ‘ಕೂತ್ಕೋ ದೂಜ.’

ದೂಜ ಕೂರಲಿಲ್ಲ. ಯಾರು ಹೇಳಿದರೂ ಕೂರಬಾರದು ಎಂದು ಡಾಕ್ಟರರ ಕಟ್ಟಪ್ಪಣೆಯಾಗಿತ್ತು.

‘ಕೂತ್ಕೋ ಅಂದೆ ಮಾರಾಯ’ ಎಂದು ಇನ್ನೊಮ್ಮೆ ಹೇಳಿದರು. ಅವನು ಬೇಡವೆಂದು ತಲೆಯಾಡಿಸಿದ. ಎಂಥ ವಿನಯ ಇವನದು ಎಂದುಕೊಂಡ ಶೆಟ್ಟರು ತಾವು ಹೇಳಲು ಬಂದಿದ್ದನ್ನು ಹೇಳಿಯೇಬಿಟ್ಟರು. ‘ನೋಡು, ಹುಷಾರಾದ ಮೇಲೆ ನೀನು ಒಳಗೆ ಕಲ್ಲಿನ ಹತ್ರ ಇರು. ಈ ಮುಖ ಇಟ್ಕೊಂಡು ಹೊರಗೆ ಬಂದ್ರೆ ಗಿರಾಕಿಗೆ ತಿನ್ಲಿಕ್ಕೆ ಮನಸ್ಸು ಬರುದಿಲ್ಲ. ಆಯ್ತಲ್ಲ?’

ಪಟ್ಟಿಯೊಳಗಿನಿಂದ ಒಂದು ಸದ್ದು ಬಂತು. ಆಯ್ತು ಧಣಿ ಎಂದದ್ದು ಹೌದೋ ಅಲ್ಲವೋ, ಶೆಟ್ಟರು ಹೌದೆಂದೇ ತಿಳಿದರು. ಅಷ್ಟರಲ್ಲಿ ದೂಜನ ಕಣ್ಣಿಗೆ ಧಣಿಗಳು, ಮೋಸಂಬಿ, ಪೂವಪ್ಪ ಎಲ್ಲ ಬೂದಿಬಣ್ಣವಾಗಿ ಹೋಯಿತು. ಅವನು ನಿಂತ ಹಾಗೆಯೇ ಮುಂದಕ್ಕೆ ಬಿದ್ದ. ಪಕ್ಕದ ಮಂಚದ ಕಬ್ಬಿಣಕ್ಕೆ ದವಡೆ ತಾಗಿತು. ಹೊಲಿಗೆ ಬಿಚ್ಚಿತು. ಆಪರೇಷನ್ನಿನಲ್ಲಿ ಉಳಿಸಿದ ರಕ್ತವೆಲ್ಲ ಆ ಸಂಜೆ ವಾರ್ಡಿನ ನೆಲಕ್ಕೆ ಹೋಯಿತು.

ಆಗ ರಕ್ತ ಬೇಕಾಯಿತು, ಕೂಡಲೇ. ಶೆಟ್ಟರ ಹಿಂದೆ ಹೋಟೆಲಿನಿಂದ ಬಂದಿದ್ದ ಉಳಿದವರಿಗೆ ಅದೇ ಗಳಿಗೆಯಲ್ಲಿ ದಾದರಿನಲ್ಲಿ ತುರ್ತಿನ ಕೆಲಸ ನೆನಪಾಯಿತು. ತೆಗೆದ ರಕ್ತ ಮತ್ತೆ ಹುಟ್ಟುವುದಿಲ್ಲ, ಕೊಟ್ಟವನಿಗೆ ಗಂಡಸುತನ ಹೋಗುತ್ತದೆ ಎಂದೆಲ್ಲ ನಂಬಿದ್ದ ಕಾಲ. ಪೂವಪ್ಪ ಕೈ ಚಾಚಿದ, ಅವನದು ಹೊಂದಲಿಲ್ಲ. ಶೆಟ್ಟರು ಅಂಗಿಯ ತೋಳು ಮಡಚಿ ‘ನಂದು ನೋಡಿ’ ಎಂದರು. ಹೊಂದಿತು. ಕಣ್ಣು ಮುಚ್ಚಿ ರಾಮ ರಾಮ ಎನ್ನುತ್ತ ಒಂದು ಬಾಟ್ಲಿ ಕೊಟ್ಟರು. ದೂಜ ಬದುಕಿದ. ಶೆಟ್ಟರ ಈ ಕೆಲಸಕ್ಕೆ ಕೈಮುಗಿಯಲೇಬೇಕು. ಆಮೇಲೆ ಗಲ್ಲಾದಲ್ಲಿ ಕೂತು ಬಂದುಹೋದ ಪ್ರತಿ ಗಿರಾಕಿಗೂ ‘ಅವನ ಮೈಯಲ್ಲಿ ಈಗ ಓಡುದು ನನ್ನ ನೆತ್ತರು’ ಎಂದು ಹೇಳಿದ್ದಕ್ಕೆ ಕೈಮುಗಿಯಬೇಕಾಗಿಲ್ಲ.

ನೀಲಕಂಠಪ್ಪನವರು ಮರುದಿನ ಬಂದಾಗ ಅವರ ಮುಖ ಬಾಡಿತ್ತು. ‘ಯಾಕ ಎದ್ದಿ? ಏನ ಹೇಳಿದ್ದೆ ನಾ ನಿನಗ?’

ದೂಜನಿಗೆ ಬಾಯಿ ಇರಲಿಲ್ಲ. ಪೂವಪ್ಪ ಅವನ ಪರವಾಗಿ ಹೇಳಿದ. ‘ನೀವು ಕೂತ್ಕೊಳ್ಬಾರ್ದು ಅಂದಿದ್ರಿ. ಅವ್ರು ಕೂತಿಲ್ಲ ಸಾರ್. ಧಣಿ ಬಂದಿದ್ರು, ನಿಂತ್ರು. ಧಣಿ ಕೂತ್ಕೋ ಅಂದ್ರೂ ಕೂತಿಲ್ಲ.’

ತಮ್ಮ ಮಾತು ಎಲ್ಲಿ ತಪ್ಪಿತೆಂದು ಡಾಕ್ಟರರಿಗೆ ಹೊಳೆಯಿತು. ಧಾರವಾಡದಲ್ಲಿ ಆಪರೇಷನ್ನಾದ ಮನುಷ್ಯನಿಗೆ ಕೂಡಬ್ಯಾಡ ಎಂದರೆ ಅವನು ಮಲಗಿರುತ್ತಾನೆ. ಮಲಗಿದವನು ಎದ್ದರೆ ಮೊದಲು ಕೂರುತ್ತಾನೆ, ಕೂತವನಿಗೆ ತಲೆ ಸುತ್ತಿದರೆ ಮತ್ತೆ ಮಲಗುತ್ತಾನೆ. ಮಲಗಿದವನೊಬ್ಬ ಕೂರದೆಯೇ ನೇರ ನಿಲ್ಲಬಹುದು ಎಂಬುದು ಅವರು ಓದಿದ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

‘ನಂದೂ ತಪ್ಪದ’ ಎಂದು ಸ್ಟೂಲು ಎಳೆದುಕೊಂಡರು. ‘ನೋಡು, ಚಾಳಿನ ನಳದಾಗ ನೀರಿನ ಜೋರು ಇಳದಾಗ ಕೆಳಗಿನ ಮನಿಯವರಿಗೆ ಬರ್ತದ, ಮೂರನೇ ಮಾಳಗಿಯವರಿಗೆ ಬರೂದಿಲ್ಲ. ಹೌದಿಲ್ಲೋ?’

ಪೂವಪ್ಪ ದಾದರಿನಲ್ಲಿ ಅಂಥದ್ದೇ ಒಂದು ಚಾಳಿನ, ಸಾಲುಕೋಣೆಗಳ ಕಟ್ಟಡದ, ಮೂರನೇ ಮಾಳಿಗೆಯಲ್ಲೇ ಇದ್ದವನು. ಹೌದೆಂದು ಜೋರಾಗಿ ತಲೆಯಾಡಿಸಿದ.

‘ಹಂಗ. ಮಲಗಿದ್ರ ತಲಿ ಕೆಳಗಿನ ಮನಿ. ನಿಂತ್ರ ತಲಿ ಮೂರನೇ ಮಾಳಗಿ. ಔಷಧ ಇನ್ನೂ ನಿನ್ನ ಮೈಯಾಗಿತ್ತು. ರಕ್ತ ಮ್ಯಾಲ ಏರಲಿಲ್ಲ, ನೀ ಬಿದ್ದಿ.’

ಇದು ದೂಜನಿಗೆ ಪೂರ್ತಿ ಅರ್ಥವಾಯಿತು. ನಿಂತದ್ದಕ್ಕೆ ಬಿದ್ದೆ ಎಂಬ ಮಾತು ಅವನ ತಲೆಯಲ್ಲಿ ಕೂತಿತು. ಬೇರೆ ಕೆಲಸವಿಲ್ಲದೆ ಮಲಗಿದ್ದ ದಿನಗಳಲ್ಲಿ ಅದನ್ನು ಆಚೆ ಈಚೆ ಹೊರಳಿಸಿ ನೋಡಿದ. ಅದು ಆಸ್ಪತ್ರೆಯ ಮಾತು ಮಾತ್ರ ಅಲ್ಲ ಎಂದು ಅವನಿಗೆ ಅನ್ನಿಸತೊಡಗಿತು.

ಹೋಟೆಲಿಗೆ ಮರಳಿದವನನ್ನು ಒಳಗೆ ಕಳಿಸಿದರು. ಅದೇ ಕಲ್ಲು, ಕಿಟಕಿಯಿಲ್ಲದ ಅದೇ ಕೋಣೆ. ಬಲಗೆನ್ನೆ ಒಳಕ್ಕೆ ಕುಸಿದಿತ್ತು, ಗಲ್ಲ ಒಂದು ಬದಿಗೆ ಜರಗಿತ್ತು, ಮಾತಾಡಿದರೆ ಜೊಲ್ಲು ಸೇರಿಕೊಂಡು ಶಬ್ದ ಕಲಸಿಹೋಗುತ್ತಿತ್ತು. ಅನ್ನವನ್ನು ಗಂಜಿ ಮಾಡಿ ಕುಡಿಯುತ್ತಿದ್ದ. ಇಡೀ ಹೋಟೆಲಿಗೆ ಇಡ್ಲಿ ಹಿಟ್ಟು ರುಬ್ಬುವವನಿಗೆ ಒಂದು ಇಡ್ಲಿ ಅಗಿಯುವ ಯೋಗ ಇರಲಿಲ್ಲ. ಹೊರಗೆ ಪೂವಪ್ಪ ಕೂಗುವುದು ಕೇಳುತ್ತಿತ್ತು. ಪೂವಪ್ಪನ ಕೂಗಿನಲ್ಲಿ ಅವಸರ ಇತ್ತು, ಲಯ ಇರಲಿಲ್ಲ. ದೂಜನಿಗೆ ಅದನ್ನು ಕೇಳುವಾಗ ದುಃಖವಾಗುತ್ತಿತ್ತು, ಮುಖ ಹೋದದ್ದಕ್ಕೆ ಅಷ್ಟು ಆಗಿರಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಆಸ್ಪತ್ರೆಯಿಂದ ಕರೆ ಬಂತು. ಗಂಟು ಮತ್ತೆ ಚಿಗುರಿಲ್ಲ, ಪಕ್ಕೆಲುಬಿನ ಒಂದು ತುಂಡು ತೆಗೆದು ದವಡೆಗೆ ಕೂರಿಸಬಹುದು, ಮುಖ ತಕ್ಕಮಟ್ಟಿಗೆ ಸರಿಯಾಗುತ್ತದೆ, ಮಾತೂ ಬಿಡಿಸಿಕೊಳ್ಳುತ್ತದೆ ಎಂದರು. ದೂಜ ಧಣಿಗಳ ಅಪ್ಪಣೆ ಕೇಳಲು ಹೋದ, ನಿಂತು ಕೇಳಿದ.

‘ರುಬ್ಲಿಕ್ಕೆ ಕೈ ಸಾಕಲ್ಲ, ದವಡೆ ಎಂತಕ್ಕೆ?’ ಎಂದರು ಶೆಟ್ಟರು. ಅವರು ತಮಾಷೆ ಮಾಡಿದ್ದಲ್ಲ, ನಿಜಕ್ಕೂ ಕೇಳಿದರು. ಮತ್ತೆ ಅವರೇ, ‘ಸರಿ, ಹೋಗಿ ಬಾ. ಹೊರಗಿನ ಕೆಲಸದ ಆಸೆ ಮಾತ್ರ ಬೇಡ’ ಎಂದರು.

‘ಆಯ್ತು ಧಣಿ’ ಎಂದು ಬಾಯಿ ಹೇಳಿತು. ಒಳಗೆ ಬಂದು ಕಲ್ಲಿನ ಮುಂದೆ ಕೂತ ಮೇಲೆ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಆಸ್ಪತ್ರೆಯಲ್ಲಿ ನೀಲಕಂಠಪ್ಪನವರಿಗೆ ಅವನನ್ನು ಕಂಡು ಬಹಳ ಸಂತೋಷವಾಯಿತು. ಅದರಲ್ಲಿ ಸ್ವಾರ್ಥವೂ ಇತ್ತು. ಅವರ ಹೋಲಿಕೆಯಲ್ಲಿ ಹಳೆಯ ಔಷಧ ಪಡೆದವರು ಒಬ್ಬರು, ಹೊಸತು ಪಡೆದವರು ಇನ್ನೊಬ್ಬರು. ಒಬ್ಬನ ರಕ್ತನಾಳ ಇನ್ನೊಬ್ಬನ ಹಾಗೆ ಇರುವುದಿಲ್ಲ ಎಂದು ದೊಡ್ಡ ಡಾಕ್ಟರುಗಳು ಆಕ್ಷೇಪ ಎತ್ತಿದ್ದರು. ಎರಡನ್ನೂ ಒಂದೇ ಮೈ ಕಂಡರೆ ಬಾಯಿ ಮುಚ್ಚುತ್ತಾರೆ.

‘ಈ ಸಲ ನಿನಗ ಹೊಸಾದು. ಆಪರೇಷನ್ ಮುಗಿಯೂದರಾಗ ಅದರ ಅಮಲು ಇಳದು ಹೋಗಿರ್ತದ. ಸಂಜೀಕ ನಾ ಬಂದು ನಿನ್ನ ನಿಂದ್ರಿಸಿ ಒತ್ತಡ ನೋಡ್ತೇನಿ. ಹೋದ ಸಲ ಬಿದ್ದ ಹೊತ್ತಿಗೇ ನೋಡಬೇಕು’ ಎಂದರು.

ಅವರು ಹೇಳಿದ ಹಾಗೆಯೇ ಆಯಿತು. ಆಪರೇಷನ್ನಿನ ಪೂರ್ತಿ ಹೊತ್ತು ಅವರು ಹನಿಯ ಮೇಲಿಂದ ಕಣ್ಣು ಕೀಳಲಿಲ್ಲವಂತೆ. ದೂಜನಿಗೆ ಎಚ್ಚರವಾದಾಗ ಪಕ್ಕೆ ಉರಿಯುತ್ತಿತ್ತು. ಹೊಸ ಎಲುಬು ಅಲುಗದಿರಲೆಂದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದರು. ಮಾತು ಹಲ್ಲಿನ ಸಂದಿಯಿಂದ ಬರಬೇಕಿತ್ತು, ಆದರೂ ಕಲಸಿಹೋಗದೆ ಬರುತ್ತಿತ್ತು. ಡಾಕ್ಟರರು ಬಗ್ಗಿ ಹೇಳಿದರು. ‘ಈಗ ನೀ ಮಲಗಬಹುದು, ಕೂಡಬಹುದು, ನಿಂದ್ರಬಹುದು. ಎಲ್ಲಾ ಹೇಳೇನಿ ನೋಡು, ಯಾವುದೂ ಬಿಟ್ಟಿಲ್ಲ.’

ಅವರು ಹೋದ ಮೇಲೆ ದೂಜ ದಿಂಬಿಗೆ ತಲೆಯಿಟ್ಟು ಮಲಗಿದ್ದ. ತಲೆ ಹಗುರವಾಗಿತ್ತು, ಕಣ್ಣು ತಿಳಿಯಾಗಿತ್ತು. ಸಂಜೆ ವರಾಂಡದಲ್ಲಿ ಚಪ್ಪಲಿ ಕಿರ್ರೆಂದಿತು.

ಹೊದಿಕೆಯ ಕೆಳಗೆ ಅವನ ಕಾಲು ಸರಿದವು. ಅವನು ಮಂಚದ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಹೋದ ಸಲ ಏಳುವುದಕ್ಕೆ ಹಿಡಿದದ್ದು, ಈ ಸಲ ಏಳದಿರುವುದಕ್ಕೆ. ಎದ್ದರೆ ಮುಗಿಯಿತು, ಉಳಿದ ಆಯುಷ್ಯ ಕಲ್ಲಿನ ಹತ್ತಿರ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಚಪ್ಪಲಿ ಹತ್ತಿರ ಬರುತ್ತಿದ್ದಂತೆ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದ.

ಶೆಟ್ಟರು ಮಂಚದ ಕಾಲ್ದೆಸೆಯಲ್ಲಿ ನಿಂತು ಸ್ವಲ್ಪ ಕಾದರು. ಅವನು ಏಳಲಿಲ್ಲ. ಅವರಿಗೆ ಹಳೆಯದು ನೆನಪಾಯಿತು. ‘ಹ್ಞಾ, ಏಳ್ಬೇಡ ಏಳ್ಬೇಡ. ಹೋದ ಸಲದ್ದು ಸಾಕು’ ಎನ್ನುತ್ತ ತಾವೇ ಸ್ಟೂಲಿನ ಮೇಲೆ ಕೂತರು. ಮೋಸಂಬಿಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡರು.

‘ಒಂದು ವಿಷಯ ಹೇಳ್ಬೇಕಿತ್ತು. ನಿನ್ನ ಟೇಬಲಿಗೆ ಊರಿಂದ ಒಬ್ಬ ಬರ್ತಾನೆ. ಮುಂದಿನ ಬೋಟಿಗೆ ಹತ್ತಿಸ್ಲಿಕ್ಕೆ ಹೇಳ್ತೇನೆ. ನೀನು ಹೆದರ್ಬೇಡ, ನಿನ್ನನ್ನು ನಾನು ಬಿಡುದಿಲ್ಲ. ನನ್ನ ನೆತ್ತರು ಉಂಟು ನಿನ್ನ ಮೈಯಲ್ಲಿ. ಸಾಯುವ ತನಕ ಒಳಗೆ ಕಲ್ಲಿನ ಹತ್ರ ಇರು, ಊಟ ಬಟ್ಟೆ ನನ್ನದು. ಆಯ್ತಲ್ಲ?’

‘ಇಲ್ಲ ಧಣಿ’ ಎಂದ ದೂಜ.

ಶೆಟ್ಟರಿಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ತಂತಿಯ ದೋಷವಿರಬೇಕೆಂದು ಮುಂದಕ್ಕೆ ಬಗ್ಗಿದರು. ‘ಎಂತ ಹೇಳಿದ್ದು?’

‘ಇಲ್ಲ. ನಾನು ಒಳಗೆ ಹೋಗುದಿಲ್ಲ. ನೀವು ನೆತ್ತರು ಕೊಟ್ಟದ್ದು ಮರೆಯುದಿಲ್ಲ, ಸತ್ರೂ ಮರೆಯುದಿಲ್ಲ. ಟೇಬಲು ಬೇಕು ನಂಗೆ. ನಿಮ್ಮಲ್ಲಿ ಆಗುದಿಲ್ಲಾಂದ್ರೆ ಬೇರೆ ಹೋಟ್ಲು ನೋಡ್ತೇನೆ.’

ಮಲಗಿದವನ ಗಂಟಲಿನಿಂದ ಇಷ್ಟು ಸ್ವರ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಪಕ್ಕದ ಮಂಚದ ಮರಾಠಿಯವನು ಭಾಷೆ ತಿಳಿಯದಿದ್ದರೂ ಇತ್ತ ತಿರುಗಿದ. ಶೆಟ್ಟರ ಮುಖ ಕೆಂಪಾಯಿತು. ಉಂಡ ಮನೆಗೆ ಎರಡು ಬಗೆಯುವವನು ಎಂದು ಶುರುಮಾಡುವವರಿದ್ದರು. ಅಷ್ಟರಲ್ಲಿ ನೀಲಕಂಠಪ್ಪನವರು ಒತ್ತಡ ನೋಡುವ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು.

‘ಹಾಂ ದೂಜಪ್ಪ, ನಿಂದ್ರು ನೋಡೋಣು.’

‘ಅವ ಏಳ್ಬಾರ್ದಲ್ಲ ಡಾಕ್ಟ್ರೇ?’ ಎಂದರು ಶೆಟ್ಟರು. ಸಿಟ್ಟಿನ ನಡುವೆಯೂ ಅವರಿಗೆ ಗಾಬರಿಯಾಗಿತ್ತು. ‘ಹೋದ ಸಲ ಎದ್ದು ಬಿದ್ದಿದ್ದಾನೆ.’

‘ಅದು ಹಳೇ ಔಷಧ. ಇದು ಮಧ್ಯಾಹ್ನನ ಇಳದು ಹೋಗೇದ. ಅವಾಗಿಂದ ಅವ ಬೇಕಾದಷ್ಟು ಸಲ ನಿಂದ್ರಬಹುದಿತ್ತು.’

ಶೆಟ್ಟರು ಮೆಲ್ಲನೆ ದೂಜನ ಕಡೆಗೆ ತಿರುಗಿದರು. ‘ಹಾಗಾದ್ರೆ ನಿಂಗೆ ಏಳ್ಲಿಕ್ಕೆ ಆಗ್ತದೆ.’

‘ಆಗ್ತದೆ ಧಣಿ.’

‘ನಾನು ಬಂದಾಗಲೂ ಆಗ್ತಿತ್ತು.’

‘ಆಗ್ತಿತ್ತು.’

ಡಾಕ್ಟರರು ಅವನ ತೋಳಿಗೆ ಪಟ್ಟಿ ಸುತ್ತುತ್ತಿದ್ದರು. ಈ ಮಾತುಕತೆಯ ತಲೆಬುಡ ಅವರಿಗೆ ತಿಳಿಯಲಿಲ್ಲ. ‘ಏಳಪ್ಪಾ, ಹೊತ್ತಾಗ್ತದ’ ಎಂದರು.

‘ಧಣಿ ಹೋಗ್ಲಿ ಡಾಕ್ಟ್ರೇ’ ಎಂದ ದೂಜ. ‘ಮತ್ತೆ ನಿಲ್ತೇನೆ.’

ಡಾಕ್ಟರರ ಕೈ ನಿಂತಿತು. ಹೋದ ವರ್ಷದ್ದು ಅವರಿಗೆ ಆಗ ನೆನಪಾಯಿತು. ಒಮ್ಮೆ ಶೆಟ್ಟರನ್ನು ನೋಡಿದರು, ಒಮ್ಮೆ ದೂಜನನ್ನು ನೋಡಿದರು, ಆಮೇಲೆ ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಅವರಿಗೂ ಅವಸರವಿಲ್ಲ ಎಂದಾಯಿತು.

ಶೆಟ್ಟರು ಎದ್ದರು. ಅವರು ನಿಂತಿದ್ದರು, ಏಳಲು ಆಗುತ್ತಿದ್ದರೂ ದೂಜ ಮಲಗಿದ್ದ. ಇಬ್ಬರ ಜನ್ಮದಲ್ಲೂ ಹೀಗೆ ಆಗಿರಲಿಲ್ಲ. ಮೋಸಂಬಿಯ ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ಒಮ್ಮೆ ಆ ಕೈಗೆ, ಒಮ್ಮೆ ಈ ಕೈಗೆ ಬದಲಾಯಿಸಿದರು. ಕೊನೆಗೆ ಸ್ಟೂಲಿನ ಮೇಲಿಟ್ಟರು.

‘ಇಲ್ಲ ಅನ್ಲಿಕ್ಕೆ ಇಷ್ಟು ಸ್ವರ ಉಂಟಾದ್ರೆ, ದೋ ಮಸಾಲಾ ಅನ್ಲಿಕ್ಕೂ ಆದೀತು’ ಎಂದರು. ಮಾತಿನಲ್ಲಿ ಸಿಟ್ಟು ಆರಿರಲಿಲ್ಲ. ‘ತಂತಿ ಬಿಚ್ಚಿದ ಮೇಲೆ ಬಾ. ನಿನ್ನ ಟೇಬಲು ಅಲ್ಲೇ ಉಂಟು.’

ಚಪ್ಪಲಿಯ ಸದ್ದು ವರಾಂಡದ ತುದಿಗೆ ಹೋಗಿ ಮೆಟ್ಟಿಲಿಳಿಯಿತು. ಅದು ಪೂರ್ತಿ ನಿಂತ ಮೇಲೆ ದೂಜ ಎದ್ದು ಕೂತ, ಕಾಲು ಕೆಳಗೆ ಬಿಟ್ಟ, ಮಂಚದ ಕಂಬಿ ಹಿಡಿದು ನೆಟ್ಟಗೆ ನಿಂತ. ಪಕ್ಕೆಯಲ್ಲಿ ಚುಚ್ಚಿದ ಹಾಗಾಯಿತು. ನೀಲಕಂಠಪ್ಪನವರು ರಬ್ಬರಿನ ಉಂಡೆ ಒತ್ತಿ ಗಾಳಿ ತುಂಬಿದರು, ಬಿಟ್ಟರು, ಪಾದರಸ ನೋಡಿದರು. ಸಂಶಯ ಬಂದು ಇನ್ನೊಮ್ಮೆ ನೋಡಿದರು.

‘ಇಳದಿಲ್ಲ’ ಎಂದರು. ‘ಏರೇದ.’

ಕಿವಿಯಿಂದ ಕೊಳವೆ ತೆಗೆದು, ‘ಆತು, ಇನ್ನ ಕೂಡು’ ಎಂದರು.

‘ಸ್ವಲ್ಪ ಹೊತ್ತು ನಿಂತಿರ್ತೇನೆ ಡಾಕ್ಟ್ರೇ’ ಎಂದ ದೂಜ.